ಡೋರ್ ಶೆಡ್ಯೂಲ್‌ಗೆ ಯಾವ ಫೀಲ್ಡ್ ಸರಿ? ರೆವಿಟ್, ಆರ್ಕಿಕ್ಯಾಡ್, ಆಟೋಕ್ಯಾಡ್ ಹೋಲಿಕೆ

ಡೋರ್ ಶೆಡ್ಯೂಲ್ ಅಂದರೆ ಕಟ್ಟಡದ ಬಾಗಿಲುಗಳ ಅಳತೆ, ವಿವರ ಬರೆದ ಪಟ್ಟಿ. ಫೀಲ್ಡ್ ಅಂದರೆ ಅದರ ಒಂದೊಂದು ಕಾಲಮ್‌ಗೆ ಬರುವ ಮಾಹಿತಿ. ನಕ್ಷೆ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಹೊಸ ಡೋರ್ ಶೆಡ್ಯೂಲ್ ತೆರೆದರೆ ಎಡಗಡೆ ಫೀಲ್ಡ್‌ಗಳ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಮಾರ್ಕ್, ಟೈಪ್ ಮಾರ್ಕ್, ವಿಡ್ತ್, ರಫ್ ವಿಡ್ತ್, ಫ್ರೇಮ್ ಟೈಪ್, ಫ್ರೇಮ್ ಮೆಟೀರಿಯಲ್, ಫಿನಿಶ್, ಫೈರ್ ರೇಟಿಂಗ್, ಕಾಮೆಂಟ್ಸ್, ಹೀಗೆ ಇಳಿಯುತ್ತಲೇ ಹೋಗುತ್ತದೆ. ಆರ್ಕಿಕ್ಯಾಡ್‌ನಲ್ಲಿ ಅಗಲಕ್ಕೆ ಅಂತಲೇ ಹಲವು ಫೀಲ್ಡ್‌ಗಳಿವೆ. ಆಟೋಕ್ಯಾಡ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಬಾಗಿಲು ಅನ್ನುವ ವಸ್ತುವೇ ಇಲ್ಲ. ನಾವು ಬ್ಲಾಕ್‌ನೊಳಗೆ (ಒಂದೇ ವಸ್ತುವಾಗಿ ಕಟ್ಟಿಟ್ಟ ಚಿತ್ರದೊಳಗೆ) ಏನು ಹಾಕಿದ್ದೇವೋ ಅದಷ್ಟೇ ಸಿಗುತ್ತದೆ.

ಎಲ್ಲಿ ಕೆಲಸ ಮಾಡಿದರೂ ಪ್ರತಿ ಕಾಲಮ್ ಸೇರಿಸುವ ಮುಂಚೆ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಾಲಮ್ ಓದಿ ಸೈಟಿನಲ್ಲಿ ದುಡ್ಡು ಖರ್ಚು ಮಾಡುವವರು ಯಾರು? ಈ ಕಾಲಮ್‌ನಲ್ಲಿ ಬರೆಯುವ ವಿವರ ಒಂದು ನಮೂನೆಯ ಬಾಗಿಲುಗಳಿಗೆಲ್ಲ ಒಂದೇನಾ, ಅಥವಾ ಬಾಗಿಲಿಂದ ಬಾಗಿಲಿಗೆ ಬದಲಾಗುತ್ತಾ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಫೀಲ್ಡ್ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದಂತೆ. ಯಾರೂ ಓದದ ಕಾಲಮ್ ಅನ್ನು ಸುಮ್ನೆ ಶೀಟ್ ತುಂಬಲಿ ಅಂತ ಹಾಕಬೇಡಿ. ಖಾಲಿ ಬಿಟ್ಟ ಕಾಲಮ್ ನೋಡಿದರೆ ಕಾಂಟ್ರಾಕ್ಟರ್‌ಗೆ ಶೆಡ್ಯೂಲ್ ಮೇಲೇ ನಂಬಿಕೆ ಹೋಗುತ್ತದೆ.

ಗುರುತು: ಟೈಪ್ ಮಾರ್ಕ್ ಅಥವಾ ಮಾರ್ಕ್?

ನಮ್ಮ ಕಡೆಯ ಮನೆ ನಕ್ಷೆಗಳಲ್ಲಿ ಡಿ, ಡಿ1, ಡಿ2 ಅಂತ ಬರೆಯುವುದು ರೂಢಿ. ಡಿ ಅಂದರೆ ಮುಖ್ಯ ಬಾಗಿಲು, ಡಿ1 ಮಲಗುವ ಕೋಣೆಯದು, ಡಿ2 ಟಾಯ್ಲೆಟ್‌ನದು. ಒಂದೇ ಮನೆಯಲ್ಲಿ ಡಿ1 ನಾಲ್ಕು ಸಲ ಬರುತ್ತದೆ. ಅಂದರೆ ಇದು ಒಂದು ಬಾಗಿಲಿನ ಹೆಸರಲ್ಲ, ನಮೂನೆಯ ಹೆಸರು. ರೆವಿಟ್‌ನಲ್ಲಿ ಇದಕ್ಕೆ ಸರಿಯಾದ ಜಾಗ ಟೈಪ್ ಮಾರ್ಕ್. ಎಷ್ಟೋ ಜನ ಡಿ1 ಅನ್ನು ಮಾರ್ಕ್‌ನಲ್ಲಿ ಬರೆಯುತ್ತಾರೆ. ಆಗ ಒಂದೇ ಮಾರ್ಕ್ ಎರಡು ಬಾಗಿಲಿಗಿದೆ ಎಂದು ರೆವಿಟ್ ಎಚ್ಚರಿಕೆ ಕೊಡುತ್ತದೆ. ಅದನ್ನು ಕಡೆಗಣಿಸಿ ಮುಂದೆ ಹೋಗಬಹುದು. ಆದರೆ ಎಚ್ಚರಿಕೆಗಳ ಪಟ್ಟಿ ಉದ್ದವಾದಷ್ಟೂ ನಿಜವಾಗಿ ನೋಡಬೇಕಾದ ಎಚ್ಚರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ.

ಆಸ್ಪತ್ರೆ, ಹೋಟೆಲ್, ಕಾಲೇಜು ಕಟ್ಟಡಗಳಲ್ಲಿ ನಮೂನೆಯ ಹೆಸರು ಸಾಲದು. ಬೀಗದ ಕೈ, ಆ್ಯಕ್ಸೆಸ್ ಕಾರ್ಡ್, ಡೋರ್ ಕ್ಲೋಸರ್ ಎಲ್ಲ ಬಾಗಿಲಿಂದ ಬಾಗಿಲಿಗೆ ಬೇರೆಯಾಗಬಹುದು. ಅಲ್ಲಿ ಪ್ರತಿ ಬಾಗಿಲಿಗೂ ತನ್ನದೇ ನಂಬರ್ ಬೇಕು. ಅದಕ್ಕೆ ಇರುವುದೇ ಮಾರ್ಕ್. ಇಂಥ ಕೆಲಸದಲ್ಲಿ ಎರಡನ್ನೂ ಇಟ್ಟುಕೊಳ್ಳಿ. ನಕ್ಷೆಯಲ್ಲಿ ಬಾಗಿಲ ಪಕ್ಕ ಕಾಣುವ ಗುರುತುಚೀಟಿಯಲ್ಲಿ, ಅಂದರೆ ಟ್ಯಾಗ್‌ನಲ್ಲಿ, ಮಾರ್ಕ್, ಶೆಡ್ಯೂಲ್‌ನ ಎರಡನೇ ಕಾಲಮ್‌ನಲ್ಲಿ ಟೈಪ್ ಮಾರ್ಕ್. ಮನೆಗೆ ಟೈಪ್ ಮಾರ್ಕ್ ಒಂದೇ ಸಾಕು. ಐಟಮೈಸ್ ಎವ್ರಿ ಇನ್‌ಸ್ಟೆನ್ಸ್ ಎನ್ನುವ ಟಿಕ್ ತೆಗೆದು, ಟೈಪ್ ಮಾರ್ಕ್ ಮೇಲೆ ವಿಂಗಡಿಸಿ, ಕೌಂಟ್ ಕಾಲಮ್ ಸೇರಿಸಿದರೆ ನಮೂನೆಗೊಂದು ಸಾಲು ಬರುತ್ತದೆ.

ಆರ್ಕಿಕ್ಯಾಡ್‌ನಲ್ಲಿ ಗುರುತಿಗೆ ಸಾಮಾನ್ಯವಾಗಿ ಬಳಸುವುದು ಎಲಿಮೆಂಟ್ ಐಡಿ. ಅದು ಒಂದೇ ಆದ್ದರಿಂದ ಅದನ್ನು ನಮೂನೆಗೆ ಇಡುವುದೋ ಬಾಗಿಲಿಗೆ ಇಡುವುದೋ ಎಂದು ಕೆಲಸದ ಮೊದಲೇ ನಿರ್ಧರಿಸಬೇಕು. ಇನ್ನೊಂದು ಗುರುತು ಬೇಕಾದರೆ ಪ್ರಾಪರ್ಟಿ ಮ್ಯಾನೇಜರ್‌ನಲ್ಲಿ ನಾವೇ ಒಂದು ಪ್ರಾಪರ್ಟಿ ಮಾಡಿಕೊಳ್ಳಬಹುದು. ಒಂದೇ ತರಹದ ಸಾಲುಗಳನ್ನು ಕೂಡಿಸಲು ಶೆಡ್ಯೂಲ್‌ನಲ್ಲೇ ಮರ್ಜ್ ಯೂನಿಫಾರ್ಮ್ ಐಟಮ್ಸ್ ಇದೆ. ಆಟೋಕ್ಯಾಡ್‌ನಲ್ಲಿ ಬ್ಲಾಕ್‌ನೊಳಗಿನ ಆ್ಯಟ್ರಿಬ್ಯೂಟ್ (ಮಾಹಿತಿ ಬರೆದಿಡುವ ಜಾಗ) ಗುರುತಿನ ಕೆಲಸ ಮಾಡುತ್ತದೆ. ಅಲ್ಲಿ ಡಿ1 ಎಂದು ಎರಡು ಬೇರೆ ಅಳತೆಯ ಬಾಗಿಲಿಗೆ ಬರೆದರೂ ಯಾರೂ ಎಚ್ಚರಿಸುವುದಿಲ್ಲ.

ಅಗಲ: ಯಾವ ಅಗಲ?

ಶೆಡ್ಯೂಲ್‌ನಲ್ಲಿ ಅತಿ ಹೆಚ್ಚು ಜಗಳ ಆಗುವುದು ಈ ಕಾಲಮ್‌ನಿಂದ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಬಾಗಿಲಿಗೆ ಕನಿಷ್ಠ ಮೂರು ಅಗಲ ಇರುತ್ತವೆ. ಗೋಡೆಯಲ್ಲಿ ಬಿಡುವ ಜಾಗ ಮೇಸ್ತ್ರಿಗೆ ಬೇಕು. ಕದದ ಅಗಲ ಬಡಗಿಗೆ ಅಥವಾ ಫ್ಲಶ್ ಡೋರ್ ಮಾರುವವರಿಗೆ ಬೇಕು. ಬಾಗಿಲು ತೆರೆದಾಗ ನಡೆದುಹೋಗಲು ಸಿಗುವ ಜಾಗ ನಿಯಮ ನೋಡುವವರಿಗೆ ಬೇಕು. ಗೋಡೆಯಲ್ಲಿ 1000 ಮಿಮೀ ಬಿಟ್ಟಿದ್ದೀರಿ, ಅದರೊಳಗೆ 125×75 ಮಿಮೀ ಮರದ ಚೌಕಟ್ಟು ಕೂರಿಸುತ್ತೀರಿ ಅಂದುಕೊಳ್ಳಿ. ಚೌಕಟ್ಟಿನ 75 ಮಿಮೀ ಮುಖ ಎರಡೂ ಕಡೆ ಹೋದರೆ ಒಳಗೆ ಉಳಿಯುವುದು 850. ರಿಬೇಟ್‌ನೊಳಗೆ, ಅಂದರೆ ಚೌಕಟ್ಟಿನಲ್ಲಿ ಕದಕ್ಕಾಗಿ ಕೊರೆದ ಗಾಡಿಯೊಳಗೆ, ಕೂರಬೇಕಾದ ಕದದ ಅಗಲ ಸುಮಾರು 870. ಬಾಗಿಲು ತೆರೆದು ನಿಂತಾಗ ಕದದ ದಪ್ಪವೂ ಸ್ವಲ್ಪ ಜಾಗ ತಿನ್ನುತ್ತದೆ. ಹಾಗಾಗಿ ನಡೆಯಲು ಸಿಗುವುದು 850ಕ್ಕಿಂತ ಸ್ವಲ್ಪ ಕಡಿಮೆ. ವೀಲ್‌ಚೇರ್ ಹೋಗಲು 900 ಮಿಮೀ ಸ್ಪಷ್ಟ ಅಗಲ ಬೇಕು ಎನ್ನುವ ಕಡೆ ಈ 1000 ಮಿಮೀ ಬಾಗಿಲು ಸಾಲುವುದಿಲ್ಲ. ಶೆಡ್ಯೂಲ್‌ನಲ್ಲಿ ಮಾತ್ರ ‘1000’ ಎಂದು ಜೋರಾಗಿಯೇ ಕಾಣುತ್ತದೆ.

ಈಗ ರೆವಿಟ್ ನೋಡಿ. ಅದರ ಜೊತೆಗೆ ಬರುವ ಸಿಂಗಲ್ ಫ್ಲಶ್ ತರಹದ ಫ್ಯಾಮಿಲಿಗಳಲ್ಲಿ (ಸಿದ್ಧ ಬಾಗಿಲು ಮಾದರಿಗಳಲ್ಲಿ) ವಿಡ್ತ್ ಅಂದರೆ ಕದ ಕೂರುವ ತೆರೆದ ಜಾಗ. ಚೌಕಟ್ಟಿನ ಪಟ್ಟಿ ಅದರ ಸುತ್ತ ಗೋಡೆಯ ಮೇಲೆ ಹರಡಿರುತ್ತದೆ. ನಮ್ಮಲ್ಲಿ ಚೌಕಟ್ಟು ಗೋಡೆಯ ತೆರವಿನೊಳಗೆ ಕೂರುತ್ತದೆ. ಹಾಗಾಗಿ ಆ ಫ್ಯಾಮಿಲಿಯಲ್ಲಿ ವಿಡ್ತ್ 1000 ಕೊಟ್ಟರೆ ಮಾಡೆಲ್‌ನಲ್ಲಿ 1000 ಮಿಮೀ ಕದ ಬರುತ್ತದೆ, ಸೈಟಿನಲ್ಲಿ 870ರ ಕದ ಬರುತ್ತದೆ. ರಫ್ ವಿಡ್ತ್ ಅನ್ನುವ ಫೀಲ್ಡ್ ಇದೆಯಲ್ಲ, ಅದನ್ನು ಹಾಕಿದರಾಯಿತು ಎನಿಸಬಹುದು. ಆದರೆ ಎಷ್ಟೋ ಫ್ಯಾಮಿಲಿಗಳಲ್ಲಿ ಆ ಫೀಲ್ಡ್ ಹೆಸರಿಗಷ್ಟೇ ಇರುತ್ತದೆ. ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಬಳಸುವ ಮುಂಚೆ ಫ್ಯಾಮಿಲಿ ತೆರೆದು ಆ ಪ್ಯಾರಾಮೀಟರ್ (ಫೀಲ್ಡ್‌ನ ಹಿಂದಿರುವ ಅಳತೆ ಅಥವಾ ಗುಣ) ಬದಲಿಸಿ ನೋಡಿ. ಗೋಡೆಯ ತೂತು ಅಲುಗದಿದ್ದರೆ ಅದು ಸುಮ್ಮನೆ ಬರೆದಿಟ್ಟ ಸಂಖ್ಯೆ ಅಂತ ಅರ್ಥ.

ನನ್ನ ಸಲಹೆ ಇದು. ಕಚೇರಿಗೆ ಒಂದು ಸ್ವಂತ ಫ್ಯಾಮಿಲಿ ಮಾಡಿಕೊಳ್ಳಿ. ಅದರಲ್ಲಿ ವಿಡ್ತ್ ಅನ್ನು ಗೋಡೆಯ ತೆರವಿಗೆ ಕಟ್ಟಿಹಾಕಿ. ಕದದ ಅಗಲವನ್ನು ಅದರಿಂದ ಸೂತ್ರದ ಮೂಲಕ ಇಳಿಸಿ, ಬೇರೆ ಶೇರ್ಡ್ ಪ್ಯಾರಾಮೀಟರ್ ಆಗಿ ಇಡಿ (ಅದೇನು ಎನ್ನುವುದು ಮುಂದೆ ಬರುತ್ತದೆ). ಶೆಡ್ಯೂಲ್‌ನಲ್ಲಿ ಎರಡೂ ಕಾಲಮ್ ಬರಲಿ. ತಲೆಬರಹದಲ್ಲಿ ಬರೀ ‘ಅಗಲ’ ಎಂದು ಬಿಡಬೇಡಿ. ‘ಗೋಡೆಯ ತೆರವು’, ‘ಕದ’ ಎಂದೇ ಬರೆಯಿರಿ. ಫೀಲ್ಡ್‌ನ ಹೆಸರು ಬದಲಿಸದೆ ಶೆಡ್ಯೂಲ್‌ನಲ್ಲಿ ತಲೆಬರಹ ಮಾತ್ರ ಬದಲಿಸಬಹುದು.

ಈ ವಿಷಯದಲ್ಲಿ ಆರ್ಕಿಕ್ಯಾಡ್ ಮುಂದಿದೆ. ಅಲ್ಲಿ ಬಾಗಿಲಿನ ಸ್ವಂತ ಅಳತೆಗೂ ಗೋಡೆಯ ತೆರವಿಗೂ ಬೇರೆ ಬೇರೆ ಫೀಲ್ಡ್‌ಗಳಿವೆ. ಅವು ಚಿತ್ರದಿಂದಲೇ ಬರುತ್ತವೆ, ಯಾರೋ ಟೈಪ್ ಮಾಡಿದ್ದಲ್ಲ. ಕಷ್ಟ ಏನೆಂದರೆ ಹೆಸರುಗಳು ಒಂದರಂತೆ ಒಂದಿವೆ. ನಾಮಿನಲ್, ಓಪನಿಂಗ್, ರಿವೀಲ್ ಸೈಡ್ ಅಂತೆಲ್ಲ ಓದುವಾಗ ತಲೆ ತಿರುಗುತ್ತದೆ. ಒಂದು ಬಾಗಿಲು ಇಟ್ಟು, ಆ ಎಲ್ಲ ಫೀಲ್ಡ್‌ಗಳನ್ನೂ ಒಂದು ತಾತ್ಕಾಲಿಕ ಶೆಡ್ಯೂಲ್‌ಗೆ ಎಳೆದು, ಬಂದ ಸಂಖ್ಯೆಗಳನ್ನು ನಕ್ಷೆಯಲ್ಲಿ ಅಳೆದು ತಾಳೆ ನೋಡುವುದೇ ಬೇಗ. ಕೈಪಿಡಿ ಓದುವುದಕ್ಕಿಂತ ಇದು ಸುಲಭ.

ಆಟೋಕ್ಯಾಡ್‌ನಲ್ಲಿ ಅಗಲವನ್ನು ಆ್ಯಟ್ರಿಬ್ಯೂಟ್‌ನಲ್ಲಿ ಕೈಯಿಂದ ಬರೆಯುವುದು ಒಂದು ದಾರಿ. ಎಳೆದು ಅಳತೆ ಬದಲಿಸಬಹುದಾದ ಡೈನಾಮಿಕ್ ಬ್ಲಾಕ್‌ನ ಲೀನಿಯರ್ ಪ್ಯಾರಾಮೀಟರ್‌ನಿಂದ ಎತ್ತಿಕೊಳ್ಳುವುದು ಇನ್ನೊಂದು. ಎರಡನೆಯದೇ ಒಳ್ಳೆಯದು. ಆ್ಯಟ್ರಿಬ್ಯೂಟ್‌ಗೂ ಗೆರೆಗೂ ತನ್ನಷ್ಟಕ್ಕೆ ಕೊಂಡಿ ಇರುವುದಿಲ್ಲ. ಬಾಗಿಲನ್ನು 900ಕ್ಕೆ ಎಳೆದರೂ ಬರಹದಲ್ಲಿ 750 ಉಳಿದುಬಿಡಬಹುದು. ಡೈನಾಮಿಕ್ ಪ್ಯಾರಾಮೀಟರ್ ಬಳಸಿದರೆ ನಕ್ಷೆಯಿಂದ ಮಾಹಿತಿ ಹೊರತೆಗೆಯುವ ಡೇಟಾ ಎಕ್ಸ್‌ಟ್ರ್ಯಾಕ್ಷನ್ ವಿಝಾರ್ಡ್‌ನಲ್ಲಿ ಅದು ಒಂದು ಫೀಲ್ಡ್ ಆಗಿ ಬರುತ್ತದೆ. ಬ್ಲಾಕ್ ಮಾಡುವಾಗ ಹೆಸರು ಬದಲಿಸದಿದ್ದರೆ ಅಲ್ಲಿ ‘ಡಿಸ್ಟೆನ್ಸ್1’ ಎಂದು ಕಾಣುತ್ತದೆ. ಮುಂದಿನ ವರ್ಷ ಆ ಹೆಸರು ನೋಡಿ ನಿಮಗೇ ಏನೂ ಹೊಳೆಯುವುದಿಲ್ಲ. ಮೊದಲೇ ಸರಿಯಾದ ಹೆಸರು ಇಡಿ.

ನಮಗೆ ಬೇಕಾದ ಫೀಲ್ಡ್ ಪಟ್ಟಿಯಲ್ಲಿ ಇಲ್ಲದಿದ್ದರೆ

ಹೊಸ ಡ್ರಾಫ್ಟ್ಸ್‌ಮನ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ‘ಫ್ಯಾಮಿಲಿಯಲ್ಲಿ ಪ್ಯಾರಾಮೀಟರ್ ಸೇರಿಸಿದೆ, ಶೆಡ್ಯೂಲ್‌ನಲ್ಲಿ ಕಾಣ್ತಾ ಇಲ್ಲ.’ ಉತ್ತರ ರೆವಿಟ್‌ನ ಮೂರು ಬಗೆಯ ಪ್ಯಾರಾಮೀಟರ್‌ಗಳಲ್ಲಿದೆ. ಬರೀ ಫ್ಯಾಮಿಲಿ ಪ್ಯಾರಾಮೀಟರ್ ಆದರೆ ಅದು ಶೆಡ್ಯೂಲ್‌ಗೂ ಬರುವುದಿಲ್ಲ, ಟ್ಯಾಗ್‌ಗೂ ಬರುವುದಿಲ್ಲ. ಪ್ರಾಜೆಕ್ಟ್ ಪ್ಯಾರಾಮೀಟರ್ ಶೆಡ್ಯೂಲ್‌ಗೆ ಬರುತ್ತದೆ, ಟ್ಯಾಗ್‌ಗೆ ಇಲ್ಲ. ಶೇರ್ಡ್ ಪ್ಯಾರಾಮೀಟರ್ ಎರಡಕ್ಕೂ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಶೇರ್ಡ್ ಮಾಡೋಣವೇ? ಒಂದೇ ಕೆಲಸಕ್ಕೆ, ಶೀಟ್‌ನಲ್ಲಿ ಕಂಡರೆ ಸಾಕು ಅನ್ನುವ ಮಾಹಿತಿಗೆ ಪ್ರಾಜೆಕ್ಟ್ ಪ್ಯಾರಾಮೀಟರ್ ಸಾಕು. ಮಾಲೀಕರು ಒಪ್ಪಿದ ದಿನಾಂಕ, ಬಾಗಿಲಿನ ಪಾಲಿಶ್ ಟಿಪ್ಪಣಿ ಇಂಥವು. ಆದರೆ ಮುಂದಿನ ಕೆಲಸಕ್ಕೂ ಬೇಕಾದದ್ದು, ಫ್ಯಾಮಿಲಿಯ ಸೂತ್ರದಿಂದ ಬರಬೇಕಾದದ್ದು, ಟ್ಯಾಗ್‌ನಲ್ಲಿ ಕಾಣಬೇಕಾದದ್ದು ಶೇರ್ಡ್ ಆಗಿರಲಿ.

ಶೇರ್ಡ್ ಪ್ಯಾರಾಮೀಟರ್‌ಗೆ ಒಂದು ಗಂಡಾಂತರ ಇದೆ. ಅದರ ವಿವರ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ಒಂದು ಉದ್ದನೆಯ ಗುರುತು ಸಂಖ್ಯೆ, ಅಂದರೆ ಜಿಯುಐಡಿ, ಇರುತ್ತದೆ. ರೆವಿಟ್ ನೋಡುವುದು ಆ ಸಂಖ್ಯೆಯನ್ನು, ಹೆಸರನ್ನಲ್ಲ. ಒಬ್ಬರು ತಮ್ಮ ಕಂಪ್ಯೂಟರ್‌ನಲ್ಲಿ ‘ಕದದ ಅಗಲ’ ಎಂದು ಒಂದು ಮಾಡುತ್ತಾರೆ. ಫೈಲ್ ಸಿಗದ ಇನ್ನೊಬ್ಬರು ಅದೇ ಹೆಸರಿನಲ್ಲಿ ಮತ್ತೊಂದು ಮಾಡುತ್ತಾರೆ. ಶೆಡ್ಯೂಲ್‌ನ ಪಟ್ಟಿಯಲ್ಲಿ ‘ಕದದ ಅಗಲ’ ಎರಡು ಸಲ ಕಾಣುತ್ತದೆ. ಒಂದನ್ನು ಹಾಕಿದರೆ ಅರ್ಧ ಬಾಗಿಲುಗಳಿಗೆ ಸಂಖ್ಯೆ ಬರುತ್ತದೆ, ಇನ್ನೊಂದನ್ನು ಹಾಕಿದರೆ ಉಳಿದ ಅರ್ಧಕ್ಕೆ. ಆಮೇಲೆ ಸರಿಪಡಿಸಲು ಪ್ರತಿ ಫ್ಯಾಮಿಲಿಯನ್ನೂ ತೆರೆಯಬೇಕು. ಆದ್ದರಿಂದ ಆ ಟೆಕ್ಸ್ಟ್ ಫೈಲ್ ಕಚೇರಿಯ ಸರ್ವರ್‌ನಲ್ಲಿ ಒಂದೇ ಕಡೆ ಇರಲಿ. ಅದಕ್ಕೆ ಹೊಸದು ಸೇರಿಸುವ ಹಕ್ಕು ಒಬ್ಬರಿಗೇ ಇರಲಿ.

ಆರ್ಕಿಕ್ಯಾಡ್ ಇಲ್ಲಿ ನಿರಾಳ. 20ನೇ ಆವೃತ್ತಿಯಿಂದ ಪ್ರಾಪರ್ಟಿ ಮ್ಯಾನೇಜರ್ ಇದೆ. ಅಲ್ಲಿ ಮಾಡಿದ ಪ್ರಾಪರ್ಟಿಯನ್ನು ಬಾಗಿಲುಗಳ ವರ್ಗಕ್ಕೆ ಜೋಡಿಸಿದರೆ ಎಲ್ಲ ಬಾಗಿಲಿಗೂ ಬರುತ್ತದೆ. ಲೈಬ್ರರಿ ಪಾರ್ಟ್ (ಆರ್ಕಿಕ್ಯಾಡ್‌ನ ಸಿದ್ಧ ಬಾಗಿಲು ಮಾದರಿ) ಮುಟ್ಟಬೇಕಿಲ್ಲ. ಪಾರ್ಟ್‌ನೊಳಗೆ ಜಿಡಿಎಲ್ ಭಾಷೆಯಲ್ಲಿ ಬರೆದಿರುವ ಪ್ಯಾರಾಮೀಟರ್‌ಗಳನ್ನೂ ಶೆಡ್ಯೂಲ್‌ಗೆ ಎಳೆಯಬಹುದು. ಆದರೆ ಎರಡು ಬೇರೆ ಪಾರ್ಟ್‌ಗಳು ಒಂದೇ ಸಂಗತಿಗೆ ಬೇರೆ ಹೆಸರು ಇಟ್ಟುಕೊಂಡಿರಬಹುದು. ಆಗ ಕಾಲಮ್ ಅರ್ಧಂಬರ್ಧ ತುಂಬುತ್ತದೆ. ಹಾಗಾಗಿ ಪ್ರಾಪರ್ಟಿಗಳೇ ವಾಸಿ.

ಆಟೋಕ್ಯಾಡ್‌ನಲ್ಲಿ ಹೊಸ ಫೀಲ್ಡ್ ಅಂದರೆ ಬ್ಲಾಕ್‌ಗೆ ಹೊಸ ಆ್ಯಟ್ರಿಬ್ಯೂಟ್ ಸೇರಿಸುವುದು. ಆದರೆ ಈಗಾಗಲೇ ನಕ್ಷೆಯಲ್ಲಿ ಕೂತಿರುವ ಬಾಗಿಲುಗಳಿಗೆ ಅದು ತಾನಾಗಿ ಬರುವುದಿಲ್ಲ. ಎಟಿಟಿಸಿಂಕ್ ಆಜ್ಞೆ ಓಡಿಸಬೇಕು. ಆ್ಯಟ್ರಿಬ್ಯೂಟ್‌ನ ಹೆಸರಿನಲ್ಲಿ (ಇಲ್ಲಿ ಅದನ್ನೂ ಟ್ಯಾಗ್ ಅನ್ನುತ್ತಾರೆ) ಸ್ಪೇಸ್ ಬಿಡುವಂತಿಲ್ಲ, ಅದೊಂದು ನೆನಪಿರಲಿ. ಇನ್ನೊಂದು ಮಾತು: ಅಗ್ಗ ಅಂತ ಎಲ್‌ಟಿ ಆವೃತ್ತಿ ಕೊಳ್ಳುವವರು ಡೇಟಾ ಎಕ್ಸ್‌ಟ್ರ್ಯಾಕ್ಷನ್ ವಿಝಾರ್ಡ್ ಅದರಲ್ಲಿ ಇಲ್ಲ ಎನ್ನುವುದನ್ನು ಮೊದಲೇ ತಿಳಿದಿರಬೇಕು.

ಯಾವ ಕೋಣೆಯ ಬಾಗಿಲು

ರೆವಿಟ್‌ನ ಫೀಲ್ಡ್ ಪಟ್ಟಿಯ ಮೇಲ್ಗಡೆ ಒಂದು ಚಿಕ್ಕ ಡ್ರಾಪ್‌ಡೌನ್ ಇದೆ. ಎಷ್ಟೋ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಅಲ್ಲಿ ಫ್ರಮ್ ರೂಮ್, ಟು ರೂಮ್ ಆರಿಸಿದರೆ ಆ ಕೋಣೆಯ ಹೆಸರು, ನಂಬರ್ ಎಲ್ಲ ಫೀಲ್ಡ್‌ಗಳಾಗಿ ಸಿಗುತ್ತವೆ. ರೂಮ್ ಇಡದಿದ್ದರೆ ಖಾಲಿ ಬರುತ್ತದೆ, ಅಷ್ಟೆ. ಕೋಣೆಗಳು ಅದಲುಬದಲಾಗಿ ಬಂದಿದ್ದರೆ ಶೆಡ್ಯೂಲ್‌ನಲ್ಲೇ ತಿದ್ದಬಹುದು. ಆರ್ಕಿಕ್ಯಾಡ್‌ನಲ್ಲಿ ಇದೇ ಕೆಲಸ ಝೋನ್‌ಗಳಿಂದ (ಅಲ್ಲಿ ಕೋಣೆಗಳನ್ನು ಗುರುತಿಸುವ ರೀತಿ) ಆಗುತ್ತದೆ. ಆಟೋಕ್ಯಾಡ್‌ನಲ್ಲಿ ಕೋಣೆಯ ಹೆಸರನ್ನು ಕೈಯಿಂದ ಬರೆಯುವುದೇ ಗತಿ. ಅದಕ್ಕೇ ಅಲ್ಲಿ ಈ ಕಾಲಮ್ ಬೇಡ ಅನ್ನುತ್ತೇನೆ. ನಕ್ಷೆ ಬದಲಾದಾಗ ಮೊದಲು ಹಳಸುವುದು ಇದೇ.

ಎಡಗೈ, ಬಲಗೈ

ಮಾರ್ಟೈಸ್ ಲಾಕ್, ಡೋರ್ ಕ್ಲೋಸರ್ ಆರ್ಡರ್ ಮಾಡುವಾಗ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕೇಳುತ್ತಾರೆ. ಮಾಡೆಲ್‌ನಲ್ಲಿ ಬಾಗಿಲು ಎಡಕ್ಕೆ ತೆರೆಯುವುದು ಕಣ್ಣಿಗೆ ಕಾಣುತ್ತಿದ್ದರೂ ರೆವಿಟ್‌ನ ಶೆಡ್ಯೂಲ್‌ನಲ್ಲಿ ಅದಕ್ಕೆ ನೇರ ಫೀಲ್ಡ್ ಇಲ್ಲ. ಇಷ್ಟು ಹಳೆಯ ಸಾಫ್ಟ್‌ವೇರ್‌ನಲ್ಲಿ ಇದು ಇಲ್ಲವಲ್ಲ ಅನ್ನುವ ಸಿಟ್ಟು ನನಗಿನ್ನೂ ಹೋಗಿಲ್ಲ. ಬಾಗಿಲು ಮಗುಚಿದೆಯೇ ಎನ್ನುವ ಮಾಹಿತಿ ಒಳಗೆ ಇದೆ. ರೆವಿಟ್ ಜೊತೆ ಬರುವ ಡೈನಮೊ ಎನ್ನುವ ಉಪಕರಣದ ಸ್ಕ್ರಿಪ್ಟ್‌ನಿಂದ ಅದನ್ನು ಓದಿ ಒಂದು ಟೆಕ್ಸ್ಟ್ ಪ್ಯಾರಾಮೀಟರ್‌ಗೆ ಬರೆಸಬಹುದು. ಬಾಗಿಲು ಮಗುಚಿದಾಗಲೆಲ್ಲ ಸ್ಕ್ರಿಪ್ಟ್ ಮತ್ತೆ ಓಡಿಸಬೇಕು. ಮನೆಯ ಕೆಲಸಕ್ಕೆ ಇಷ್ಟೆಲ್ಲ ಬೇಡ. ನಕ್ಷೆ ನೋಡಿಕೊಳ್ಳಿ ಅಂದರೆ ಸಾಕು.

ಆರ್ಕಿಕ್ಯಾಡ್‌ನಲ್ಲಿ ಓರಿಯೆಂಟೇಶನ್ ಫೀಲ್ಡ್ ಎಡ, ಬಲ ಎಂದು ತಾನೇ ಕೊಡುತ್ತದೆ. ಆಟೋಕ್ಯಾಡ್‌ನಲ್ಲಿ ಡೈನಾಮಿಕ್ ಬ್ಲಾಕ್‌ಗೆ ಫ್ಲಿಪ್ ಪ್ಯಾರಾಮೀಟರ್ ಇದ್ದರೆ ಅದರ ಸ್ಥಿತಿ ಫೀಲ್ಡ್ ಆಗಿ ಸಿಗುತ್ತದೆ. ಆದರೆ ಯಾರಾದರೂ ಫ್ಲಿಪ್ ಬಾಣ ಒತ್ತದೆ ಮಿರರ್ ಆಜ್ಞೆ ಬಳಸಿದ್ದರೆ ಆ ಸ್ಥಿತಿ ಬದಲಾಗಿರುವುದಿಲ್ಲ. ಅಂಥ ಬ್ಲಾಕ್‌ನ ಒಂದು ಸ್ಕೇಲ್ ಮೈನಸ್ ಆಗಿರುತ್ತದೆ. ಅದಕ್ಕೇ ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಸ್ಕೇಲ್ ಎಕ್ಸ್, ಸ್ಕೇಲ್ ವೈ ಫೀಲ್ಡ್‌ಗಳನ್ನೂ ಜೊತೆಗೆ ಎಳೆದು ನೋಡಿ.

ಬೆಂಕಿ ತಡೆ

ರೆವಿಟ್‌ನಲ್ಲಿ ಫೈರ್ ರೇಟಿಂಗ್ ಟೈಪ್ ಪ್ಯಾರಾಮೀಟರ್, ಅಂದರೆ ಒಂದು ನಮೂನೆಗೆ ಒಂದೇ. ಒಂದೇ ಅಳತೆಯ ಎರಡು ಬಾಗಿಲಲ್ಲಿ ಒಂದು ಮೆಟ್ಟಿಲ ಕಡೆಗೆ 120 ನಿಮಿಷದ್ದು, ಇನ್ನೊಂದು ಸಾದಾ ಆಗಿದ್ದರೆ ಎರಡು ಟೈಪ್ ಮಾಡಲೇಬೇಕು. ಕಿರಿಕಿರಿ ಅನಿಸಿದರೂ ಇದು ಒಳ್ಳೆಯದೇ. ಭಾರತೀಯ ಮಾನದಂಡ ಐಎಸ್ 3614ರ ಪ್ರಕಾರ ಪರೀಕ್ಷೆಯಾಗಿ ಬರುವ ಬಾಗಿಲು ಕದ, ಚೌಕಟ್ಟು, ಹಾರ್ಡ್‌ವೇರ್ ಎಲ್ಲ ಸೇರಿದ ಬೇರೆಯೇ ಸಾಮಾನು. ಅದು ಬೇರೆ ಟೈಪ್ ಆಗಿರುವುದೇ ಸರಿ. ಇದನ್ನು ತಪ್ಪಿಸಿಕೊಳ್ಳಲು ಕಾಮೆಂಟ್ಸ್‌ನಲ್ಲಿ ರೇಟಿಂಗ್ ಬರೆಯಬೇಡಿ. ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಐಎಫ್‌ಸಿ ಫೈಲ್ ಕೊಡಬೇಕಾದ ಕೆಲಸಗಳಲ್ಲಿ ಬಾಗಿಲುಗಳ ಸಾಮಾನ್ಯ ಗುಣಗಳ ಪಟ್ಟಿಯಲ್ಲಿ ಫೈರ್ ರೇಟಿಂಗ್, ಫೈರ್ ಎಕ್ಸಿಟ್, ಸೆಲ್ಫ್ ಕ್ಲೋಸಿಂಗ್ ಎಂದು ಬೇರೆ ಬೇರೆ ಜಾಗಗಳೇ ಇವೆ. ಕಾಮೆಂಟ್ಸ್‌ನಲ್ಲಿ ಬರೆದದ್ದು ಅಲ್ಲಿಗೆ ಹೋಗಿ ಕೂರುವುದಿಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 ನಿರ್ಗಮನ ಬಾಗಿಲು 1000 ಮಿಮೀಗಿಂತ ಕಿರಿದಾಗಬಾರದು ಎನ್ನುತ್ತದೆ. ನಿರ್ಗಮನವೇ ಎನ್ನುವುದಕ್ಕೆ ಹೌದು-ಇಲ್ಲ ಫೀಲ್ಡ್ ಒಂದಿದ್ದರೆ, ಆ ಬಾಗಿಲುಗಳನ್ನಷ್ಟೇ ಸೋಸಿ ಅಗಲ ನೋಡಿಕೊಳ್ಳಬಹುದು.

ಹೊಸ್ತಿಲು ಇದೆಯಾ?

ಈ ಫೀಲ್ಡ್ ರೆವಿಟ್‌ನ ಮಾಮೂಲಿ ಪಟ್ಟಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ನಮ್ಮ ಮನೆಗಳಿಗೆ ಮಾತ್ರ ಬೇಕೇ ಬೇಕು. ಮುಖ್ಯ ಬಾಗಿಲಿಗೆ ಹೊಸ್ತಿಲು ಇರುತ್ತದೆ, ಪೂಜಾ ಕೋಣೆಗೂ ಹಲವರು ಇಡಿಸುತ್ತಾರೆ. ಉಳಿದವಕ್ಕೆ ಈಗ ಸಾಮಾನ್ಯವಾಗಿ ಇಡುವುದಿಲ್ಲ. ಹೊಸ್ತಿಲು ಇದ್ದರೆ ಚೌಕಟ್ಟಿಗೆ ನಾಲ್ಕು ತುಂಡು, ಇಲ್ಲದಿದ್ದರೆ ಮೂರು. 1000×2100 ಬಾಗಿಲಿಗೆ 125×75ರ ಚೌಕಟ್ಟು ಲೆಕ್ಕ ಹಾಕಿ. ಹೊಸ್ತಿಲಿಲ್ಲದೆ ಉದ್ದ 5.2 ಮೀಟರ್, ಮರ ಸುಮಾರು 1.72 ಘನ ಅಡಿ. ಹೊಸ್ತಿಲಿದ್ದರೆ 6.2 ಮೀಟರ್, ಸುಮಾರು 2.05 ಘನ ಅಡಿ. ತೇಗದ ಮರ ಕೊಳ್ಳುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ ಅಲ್ವಾ?

ರೆವಿಟ್‌ನಲ್ಲಿ ‘ಹೊಸ್ತಿಲು’ ಎಂದು ಹೌದು-ಇಲ್ಲ ಬಗೆಯ ಪ್ಯಾರಾಮೀಟರ್ ಮಾಡಿ. ಶೆಡ್ಯೂಲ್‌ನಲ್ಲಿ ಕ್ಯಾಲ್ಕುಲೇಟೆಡ್ ವ್ಯಾಲ್ಯೂ ಸೇರಿಸಿ, ‘ಇಫ್’ ಸೂತ್ರದಿಂದ ಉದ್ದ ತೆಗೆಯಿರಿ: ಹೊಸ್ತಿಲಿದ್ದರೆ ಎರಡು ಎತ್ತರ ಮತ್ತು ಎರಡು ಅಗಲ, ಇಲ್ಲದಿದ್ದರೆ ಎರಡು ಎತ್ತರ ಮತ್ತು ಒಂದು ಅಗಲ. ಈ ಲೆಕ್ಕ ಶೆಡ್ಯೂಲ್‌ನಲ್ಲಷ್ಟೇ ಇರುತ್ತದೆ, ಟ್ಯಾಗ್‌ಗೆ ಬರುವುದಿಲ್ಲ. ಇಲ್ಲಿ ಅದು ತೊಂದರೆಯಲ್ಲ. ಆರ್ಕಿಕ್ಯಾಡ್‌ನಲ್ಲಿ 22ನೇ ಆವೃತ್ತಿಯಿಂದ ಪ್ರಾಪರ್ಟಿಗೆ ಸೂತ್ರ ಬರೆಯಬಹುದು. ಅದು ಬಾಗಿಲಿಗೇ ಅಂಟಿಕೊಂಡಿರುವುದರಿಂದ ಲೇಬಲ್‌ನಲ್ಲೂ ತೋರಿಸಬಹುದು. ಆಟೋಕ್ಯಾಡ್‌ನಿಂದ ಎಕ್ಸೆಲ್‌ಗೆ ಕಳಿಸಿ ಅಲ್ಲೇ ಲೆಕ್ಕ ಹಾಕುವುದು ಸಲೀಸು. ವಿಝಾರ್ಡ್‌ನೊಳಗೆ ಸೂತ್ರದ ಕಾಲಮ್ ಇದೆ, ಆದರೆ ‘ಇದ್ದರೆ, ಇಲ್ಲದಿದ್ದರೆ’ ತರಹದ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ.

ಬಾಗಿಲು ಕಿಟಕಿ ಒಂದೇ ಪಟ್ಟಿಯಲ್ಲಿ ಬೇಕೆಂದರೆ

ನಮ್ಮಲ್ಲಿ ಡಿ (ಬಾಗಿಲು), ಡಬ್ಲ್ಯೂ (ಕಿಟಕಿ), ವಿ (ವೆಂಟಿಲೇಟರ್) ಮೂರನ್ನೂ ಒಂದೇ ಪಟ್ಟಿಯಲ್ಲಿ ಕೇಳುತ್ತಾರೆ. ಆಟೋಕ್ಯಾಡ್‌ಗೆ ಎಲ್ಲವೂ ಬ್ಲಾಕ್‌ಗಳೇ, ಹಾಗಾಗಿ ಚಿಂತೆಯಿಲ್ಲ. ಆರ್ಕಿಕ್ಯಾಡ್‌ನಲ್ಲಿ ಆಯ್ಕೆಯ ಷರತ್ತಿನಲ್ಲಿ ಬಾಗಿಲು ಅಥವಾ ಕಿಟಕಿ ಎಂದು ಕೊಟ್ಟರಾಯಿತು. ರೆವಿಟ್‌ನಲ್ಲಿ ಮಲ್ಟಿ ಕೆಟಗರಿ ಶೆಡ್ಯೂಲ್ ತೆರೆದವರಿಗೆ ಆಶ್ಚರ್ಯ ಕಾದಿರುತ್ತದೆ. ಬಾಗಿಲಿನ ಮಾಮೂಲಿ ವಿಡ್ತ್, ಹೈಟ್ ಅಲ್ಲಿ ಸಿಗುವುದೇ ಇಲ್ಲ. ಅಳತೆಗಳನ್ನು ಶೇರ್ಡ್ ಪ್ಯಾರಾಮೀಟರ್‌ನಲ್ಲಿ ಇಟ್ಟವರಿಗೆ ಮಾತ್ರ ಅವು ಬರುತ್ತವೆ. ಅಷ್ಟು ತಯಾರಿ ಇಲ್ಲದಿದ್ದರೆ ಬಾಗಿಲಿಗೊಂದು, ಕಿಟಕಿಗೊಂದು ಶೆಡ್ಯೂಲ್ ಮಾಡಿ. ಎರಡರ ಕಾಲಮ್ ಅಗಲಗಳನ್ನೂ ಒಂದೇ ಮಾಡಿ, ಅಪಿಯರೆನ್ಸ್ ಟ್ಯಾಬ್‌ನಲ್ಲಿ ಎರಡನೆಯದರ ಶೀರ್ಷಿಕೆ, ತಲೆಬರಹ ಮರೆಮಾಡಿ, ಶೀಟ್‌ನಲ್ಲಿ ಒಂದರ ಕೆಳಗೆ ಒಂದು ಅಂಟಿಸಿ. ಬಾಗಿಲು ಜಾಸ್ತಿಯಾದಾಗ ಮೇಲಿನ ಪಟ್ಟಿ ಉದ್ದವಾಗಿ ಕೆಳಗಿನದರ ಮೇಲೆ ಬೀಳುತ್ತದೆ. ಪ್ರಿಂಟ್ ತೆಗೆಯುವ ಮುಂಚೆ ಅದೊಂದು ನೋಡಿಕೊಳ್ಳಿ.